ಡ್ರಿಲ್ಲಿನ ಮೇಲಿನ ಗಂಧ

ಕಾಪುವಿನಲ್ಲಿ ಸಮುದ್ರಕ್ಕೆ ಹತ್ತಿರದ ಒಂದು ಹೊಸ ಮನೆಗೆ ಪರದೆಯ ರಾಡುಗಳನ್ನು ಕೂರಿಸುತ್ತಿದ್ದೆ. ಮರುದಿನ ಗೃಹಪ್ರವೇಶ. ಏಣಿಯ ತುದಿಯಲ್ಲಿ ನಿಂತು ಕೊನೆಯ ಕಿಟಕಿಗೆ ತೂತು ಕೊರೆಯುವಾಗ ನನ್ನ ಡ್ರಿಲ್ಲು ಗೋಡೆಯೊಳಗೆ ಅರ್ಧ ಹೋಗಿ ನಿಂತುಬಿಟ್ಟಿತು. ವೈರಿಲ್ಲದ, ಬ್ಯಾಟರಿಯ ಡ್ರಿಲ್ಲು ಅದು. ಬ್ಯಾಟರಿ ತೀರಿರಬೇಕೆಂದು ಚೀಲದಲ್ಲಿದ್ದ ಇನ್ನೊಂದನ್ನು ಹಾಕಿದೆ. ಊಹೂಂ. ತಟ್ಟಿದೆ, ಊದಿದೆ, ಮನಸ್ಸಿನಲ್ಲೇ ಬೈದೆ. ಕೆಳಗೆ ನಿಂತಿದ್ದ ಮನೆಯ ಯಜಮಾನರು ಎಂತ ಆಯ್ತು ಎಂದು ಕೇಳಿದರು. ಏಣಿಯ ಮೇಲಿರುವವನಿಗೆ ಕೆಳಗಿನಿಂದ ಬರುವ ಈ ಪ್ರಶ್ನೆಯಷ್ಟು ಸಿಟ್ಟು ಬರಿಸುವುದು ಬೇರೆ ಯಾವುದೂ ಇಲ್ಲ.

ಇಳಿದು ಬಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬ್ಯಾಟರಿ ಜಾರಿ ಕೂರುವ ಜಾಗದಲ್ಲಿ ತಾಮ್ರದ ಹಲ್ಲುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಅದರ ಸುತ್ತ ಒಣಗಿ ಬಿರುಕು ಬಿಟ್ಟ ಗಂಧ. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಆ ಗಂಧ ಹಚ್ಚಿದ್ದು ಮಾವ. ಮಾವ ತೀರಿಹೋಗಿ ಆಗ ಮೂರು ತಿಂಗಳಾಗಿತ್ತು.

ಮಾವ ಎಂದರೆ ಅಮ್ಮನ ಅಣ್ಣ. ಮದುವೆಯಾಗದೆ ಬೆಳ್ಮಣ್ಣಿನ ನಮ್ಮ ಮನೆಯಲ್ಲೇ ಉಳಿದವರು. ಮರದ ಕೆಲಸವನ್ನು ನನಗೆ ಕಲಿಸಿದವರೂ ಅವರೇ. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ಮಾತಿನ ಖಾರ ಸ್ವಲ್ಪ ಇಳಿಯುತ್ತದೆ, ಅದಕ್ಕೆ ನಾನೇನೂ ಮಾಡುವ ಹಾಗಿಲ್ಲ. ಅವರ ಬಲಗೈಯ ಉಂಗುರದ ಬೆರಳಿಗೆ ತುದಿ ಇರಲಿಲ್ಲ. ಹರೆಯದಲ್ಲಿ ಗರಗಸಕ್ಕೆ ಕೊಟ್ಟದ್ದು. ಕೇಳಿದವರಿಗೆಲ್ಲ, ಕೆಲಸ ಕಲಿಯಲು ಕಟ್ಟಿದ ಫೀಸು ಎಂದು ಹೇಳುತ್ತಿದ್ದರು.

ಅವರಲ್ಲಿ ಒಂದು ಬೈರಿಗೆ ಇತ್ತು, ಕೈಯಲ್ಲಿ ತಿರುಗಿಸಿ ಮರಕ್ಕೆ ತೂತು ಕೊರೆಯುವಂಥದ್ದು. ಅದರ ಹಿಡಿ ಅವರ ಅಂಗೈಗೆ ಸವೆದು ಸವೆದು ನನ್ನ ಕೈಗೆ ಸರಿಯಾಗಿ ಕೂರುತ್ತಲೇ ಇರಲಿಲ್ಲ. ಕೆಲಸ ಮುಗಿದ ಮೇಲೆ ಒರೆಸಿ, ತೆಂಗಿನೆಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಅವರ ಹತ್ಯಾರುಗಳಲ್ಲಿ ಒಂದಕ್ಕೂ ತುಕ್ಕು ಹಿಡಿದದ್ದನ್ನು ನಾನು ಕಂಡಿಲ್ಲ. ನಾನು ಕಾರ್ಕಳದಿಂದ ಈ ಡ್ರಿಲ್ಲನ್ನು ತಂದ ದಿನ ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಯಾರಿಗೆ ಗುಂಡು ಹಾರಿಸಲಿಕ್ಕೆ ಎಂದು ಕೇಳಿದರು. ಅಂದಿನಿಂದ ಅದರ ಹೆಸರು ಪಿಸ್ತೂಲು. ಬ್ಯಾಟರಿ ಚಾರ್ಜಿಗೆ ಇಟ್ಟಾಗಲೆಲ್ಲ, ನಿನ್ನ ಪಿಸ್ತೂಲಿಗೆ ಊಟ ಆಯ್ತಾ ಎಂದು ವಿಚಾರಿಸುವುದು.

ಕಳೆದ ವರ್ಷದ ಮಳೆಗಾಲದಲ್ಲಿ ಅವರ ಕೈ ನಡುಗಲು ಶುರುವಾಯಿತು. ಬೈರಿಗೆ ತಿರುಗಿಸಿದರೆ ತೂತು ಓರೆಯಾಗುತ್ತಿತ್ತು. ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಶೆಡ್ಡಿಗೆ ಬಂದಾಗ ಅವರು ಒಂದು ಬೇಡದ ಹಲಗೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು ನನ್ನ ಡ್ರಿಲ್ಲಿನಲ್ಲಿ ತೂತು ಕೊರೆಯುತ್ತಿದ್ದರು. ಹಲಗೆಯ ತುಂಬ ತೂತು, ಒಂದೂ ಓರೆಯಿಲ್ಲ. ನನ್ನನ್ನು ಕಂಡದ್ದೇ ಟ್ರಿಗರಿನಿಂದ ಬೆರಳು ತೆಗೆದು, ಅಡಿಗೆಮನೆಯಲ್ಲಿ ಬೆಲ್ಲ ಕದಿಯುವಾಗ ಸಿಕ್ಕಿಬಿದ್ದ ಮಕ್ಕಳ ಹಾಗೆ ನಿಂತರು. ಆಮೇಲೆ, ಪರವಾಗಿಲ್ಲ ನಿನ್ನ ಪಿಸ್ತೂಲು ಎಂದರು. ಅವರ ಬಾಯಿಯಿಂದ ಅಷ್ಟು ಬಂದರೆ ಅದು ಪ್ರಶಸ್ತಿಯೇ. ನಾನು ಆ ಹಲಗೆಯನ್ನು ಒಲೆಗೆ ಹಾಕಲು ಬಿಡಲಿಲ್ಲ.

ನವರಾತ್ರಿಯ ಆಯುಧ ಪೂಜೆಯ ದಿನ ಅವರು ಶೆಡ್ಡಿನಲ್ಲಿ ದೊಡ್ಡ ಬಾಳೆಲೆ ಹಾಸಿ ಹತ್ಯಾರುಗಳನ್ನು ಸಾಲಾಗಿ ಇಡುತ್ತಿದ್ದರು. ಉಳಿ, ಬಾಚಿ, ಗರಗಸ, ಉಜ್ಜುಗೊರಡು, ಕೊನೆಗೆ ಬೈರಿಗೆ. ನನ್ನ ಹಳೆಯ ವೈರಿನ ಡ್ರಿಲ್ಲಿಗಾಗಲಿ ಕಟ್ಟರಿಗಾಗಲಿ ಆ ಎಲೆಯಲ್ಲಿ ಯಾವತ್ತೂ ಜಾಗ ಸಿಕ್ಕಿರಲಿಲ್ಲ. ಕರೆಂಟು ಹೋದರೆ ಸುಮ್ಮನಾಗುವ ವಸ್ತುವಿಗೆ ಪೂಜೆ ಎಂತದ್ದು ಎಂಬುದು ಅವರ ವಾದ. ಗಂಧ ತೇಯುವುದೂ ಅವರೇ, ಹಚ್ಚುವುದೂ ಅವರೇ. ಅದಕ್ಕೊಂದು ಕ್ರಮವಿತ್ತು. ಹತ್ಯಾರಿನ ಜೀವ ಎಲ್ಲಿದೆಯೋ ಅಲ್ಲಿಗೆ ಮೊದಲು ಒಂದು ಬೊಟ್ಟು: ಉಳಿಗಾದರೆ ಬಾಯಿಗೆ, ಗರಗಸಕ್ಕಾದರೆ ಹಲ್ಲಿಗೆ. ಆಮೇಲೆ ಹಿಡಿಯ ಮೇಲೆ ಮೂರು ಬೆರಳಿನ ಮೂರು ಗೆರೆ. ಎರಡು ಗೆರೆ ಉದ್ದ, ಮೂರನೆಯದು ಗಿಡ್ಡ, ಆ ತುದಿಯಿಲ್ಲದ ಬೆರಳಿನದ್ದು.

ಆ ವರ್ಷ ಎಲ್ಲ ಇಟ್ಟಾದ ಮೇಲೆ ಎಲೆಯ ಒಂದು ಬದಿಯನ್ನು ಖಾಲಿ ಬಿಟ್ಟು ನನ್ನ ಕಡೆ ನೋಡಿ, ಅದನ್ನೂ ತಾ ಎಂದರು. ನಾನು ಎರಡು ಸಲ ಕೇಳಬೇಕಾಯಿತು. ಓಡಿಹೋಗಿ ಡ್ರಿಲ್ಲು ತಂದೆ. ಅವರ ನಡುಗುವ ಕೈ ಎಲ್ಲಾದರೂ ಸ್ವಿಚ್ಚಿಗೆ ತಾಗಿ ಅದು ತಿರುಗಿಬಿಟ್ಟರೆ ಎಂದು ಬ್ಯಾಟರಿಯನ್ನು ತೆಗೆದು ಇಟ್ಟೆ. ಬುದ್ಧಿವಂತನ ಕೆಲಸ ಅಂದುಕೊಂಡೇ ಮಾಡಿದೆ. ಅವರು ಗಂಧದ ಬಟ್ಟಲು ಹಿಡಿದು ಡ್ರಿಲ್ಲಿನ ಮುಂದೆ ಕುಳಿತು ಅದನ್ನು ಅಡಿಮೇಲು ಮಾಡಿ ನೋಡಿದರು.

"ಇದರ ಜೀವ ಎಲ್ಲಿ ಉಂಟು ಮಾರಾಯ?"

"ಬ್ಯಾಟರಿಯಲ್ಲಿ ಮಾವ. ಇಲ್ಲಿ ಬಂದು ಕೂತ್ಕೊಳ್ತದೆ" ಎಂದು ಆ ತಾಮ್ರದ ಹಲ್ಲುಗಳನ್ನು ನಾನೇ ತೋರಿಸಿದೆ.

ಅವರು ಬಗ್ಗಿ, ಬೆರಳನ್ನು ಒಳಗೆ ಹಾಕಿ, ಅಲ್ಲಿಗೆ ಗಂಧ ಹಚ್ಚಿದರು. ಒಂದು ಬೊಟ್ಟು ಸಾಲದೆಂದು ಇನ್ನೂ ಸ್ವಲ್ಪ ಹಚ್ಚಿದರು. ಕೈ ತಾಗದ ಮೋಟಾರಿನ ಮೈಮೇಲೆ ಮೂರು ಗೆರೆ ಎಳೆದು, ತುಳಸಿಯಿಂದ ತೀರ್ಥ ಚಿಮುಕಿಸಿದರು. ನಾನು ತಡೆಯಲಿಲ್ಲ. ತಡೆಯಬೇಕೆಂದು ಹೊಳೆಯಲೂ ಇಲ್ಲ. ನನ್ನ ಕೆಲಸಕ್ಕೆ ಅವರ ಎಲೆಯಲ್ಲಿ ಜಾಗ ಸಿಕ್ಕಿದ ಖುಷಿಯಲ್ಲಿ ತಾಮ್ರ, ನೀರು, ಕಿಲುಬು ಇವೆಲ್ಲ ಯಾರ ತಲೆಯಲ್ಲಿರುತ್ತವೆ?

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಚಾ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ.

ಆಮೇಲಿನ ಮೂರು ತಿಂಗಳು ಆ ಡ್ರಿಲ್ಲು ನನಗೆ ಹೇಗೆ ಜತೆಯಾಗಿತ್ತು ಎಂದು ಬೇರೆಯವರಿಗೆ ವಿವರಿಸುವುದು ಕಷ್ಟ. ನಾಲ್ಕು ತೂತು ಕೊರೆದು ಮೆಷೀನು ಬಿಸಿಯಾದದ್ದೇ ಅದರಿಂದ ಗಂಧದ ಪರಿಮಳ ಬರುತ್ತಿತ್ತು. ಮಣಿಪಾಲದ ಒಂದು ಫ್ಲ್ಯಾಟಿನಲ್ಲಿ ಅಡಿಗೆಮನೆಯ ಕಪಾಟು ಕೂರಿಸುವಾಗ ಆ ಮನೆಯವರು, ನೀವು ಊದುಬತ್ತಿ ಹಚ್ಚಿದ್ದೀರಾ ಎಂದು ಕೇಳಿದ್ದರು. ಇಲ್ಲ ಎಂದೆ. ಸಿಮೆಂಟಿನ ಧೂಳಿನ ನಡುವೆ ಆ ಪರಿಮಳ ಬಂದಾಗ ಮಾವ ಏಣಿ ಹಿಡಿದು ಕೆಳಗೆ ನಿಂತಿದ್ದಾರೆ ಅನ್ನಿಸುತ್ತಿತ್ತು. ಕೆಲವು ಸಲ ಬೇಕಿಲ್ಲದಿದ್ದರೂ ಟ್ರಿಗರ್ ಒತ್ತಿ ಬಿಸಿ ಮಾಡಿದ್ದೇನೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಹಾಗಾಗಿ ಅದು ಕೆಟ್ಟಾಗ ನನಗೆ ಬೇಕಾದದ್ದು ಎರಡು. ಡ್ರಿಲ್ಲು ತಿರುಗಬೇಕು, ಮೇಲಿನ ಮೂರು ಗೆರೆ ಇದ್ದ ಹಾಗೇ ಇರಬೇಕು. ಇದು ದೊಡ್ಡ ಆಸೆ ಎಂದು ಆಗ ಅನ್ನಿಸಿರಲಿಲ್ಲ. ವಾರಂಟಿ ಇನ್ನೂ ಎರಡು ತಿಂಗಳಿತ್ತು.

ಕಾರ್ಕಳದ ಅಂಗಡಿಯವರು ಮಾರುವ ದಿನ ಕುರ್ಚಿ ಹಾಕಿ ಕೂರಿಸಿ, ಒಂದು ವರ್ಷ ನೀವು ಕಣ್ಣು ಮುಚ್ಚಿ ಕೆಲಸ ಮಾಡಿ ಅಂದಿದ್ದರು. ಈಗ ಅವರೇ ಕಣ್ಣು ಮುಚ್ಚಿಕೊಂಡರು. ನಮ್ಮದು ಮಾರುವುದು ಮಾತ್ರ, ಸರ್ವಿಸ್ ಸಂತೆಕಟ್ಟೆಯಲ್ಲಿ ಎಂದು ರಸ್ತೆಯ ಕಡೆ ಕೈ ತೋರಿಸಿದರು. ಸಂತೆಕಟ್ಟೆಯಲ್ಲಿ ಹೆದ್ದಾರಿಯ ಬದಿಗೆ, ಟಯರ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಆ ಸರ್ವಿಸ್ ಸೆಂಟರು. ಕೌಂಟರಿನಲ್ಲಿ ಒಬ್ಬರು ಹೆಂಗಸು. ಅವರದ್ದು ಕೊಂಕಣಿ, ನನ್ನದು ತುಳು, ನಡುವೆ ಇಬ್ಬರೂ ಪಾಠದ ಪುಸ್ತಕದ ಹಾಗೆ ಕನ್ನಡ ಮಾತಾಡಿಕೊಂಡೆವು. ಅವರು ಬಿಲ್ಲು ನೋಡಿ, ನಂಬರು ಬರೆದುಕೊಂಡು, ಇಲ್ಲಿ ಬಿಚ್ಚುವುದಿಲ್ಲ, ಕಂಪೆನಿಗೆ ಕಳಿಸಬೇಕು ಎಂದರು. ಮೇಲಿನ ಗಂಧವನ್ನು ಒರೆಸಬಾರದು ಎಂದು ನಾನು ಹೇಳಿದೆ. ಅದಕ್ಕೆ ಫಾರಮ್ಮಿನಲ್ಲಿ ಜಾಗವಿರಲಿಲ್ಲ. ಅವರು ಏನೂ ಕೇಳದೆ ಒಂದು ಚೀಟಿಯಲ್ಲಿ ಬರೆದು ಡ್ರಿಲ್ಲಿನ ಹಿಡಿಗೆ ಅಂಟಿಸಿದರು. ಇಂಥವರೊಬ್ಬರು ಇದ್ದಾರಲ್ಲ ಎಂದು ನನಗೆ ನೆಮ್ಮದಿಯಾಯಿತು.

ಎರಡು ವಾರ ಸುದ್ದಿಯಿಲ್ಲ. ದಿನ ಬಿಟ್ಟು ದಿನ ಮೊಬೈಲಿಗೆ ಒಂದು ಮೆಸೇಜು ಮಾತ್ರ ತಪ್ಪದೆ ಬರುತ್ತಿತ್ತು, ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ ಎಂದು. ಸೇವೆಯೇ ಆಗದೆ ತೃಪ್ತಿ ಎಲ್ಲಿಂದ ಬರುವುದು? ಸಹಾಯವಾಣಿಗೆ ಫೋನು ಮಾಡಿದರೆ ಅರ್ಧ ಗಂಟೆ ಸಂಗೀತ, ಆಮೇಲೆ ಒಬ್ಬ ಯುವಕ. ಮೆಷೀನಿನ ಮೇಲೆ ಏನಾದರೂ ದ್ರವ ಬಿದ್ದಿತ್ತಾ ಸರ್ ಎಂದು ಕೇಳಿದ. ಸುಳ್ಳು ಹೇಳಲು ಬರಲಿಲ್ಲ, ಗಂಧ ಎಂದೆ. ಅದು ಯಾವ ಕೆಮಿಕಲ್ ಎಂದ. ದೇವರಿಗೆ ಹಚ್ಚುವುದು ಎಂದೆ. ಅವನು, ದೇವರಿಗೆ ಹಚ್ಚುವುದನ್ನು ಡ್ರಿಲ್ಲಿಗೆ ಯಾಕೆ ಹಚ್ಚಿದಿರಿ ಸರ್ ಎಂದು ಬಹಳ ಮರ್ಯಾದೆಯಿಂದ ಕೇಳಿದ. ನಾನು ಫೋನು ಇಟ್ಟೆ.

ಮತ್ತೆ ವಾರ ಕಳೆದು ಮೊಬೈಲಿಗೆ ಪತ್ರ ಬಂತು. ಅದರಲ್ಲಿ ನನ್ನ ಡ್ರಿಲ್ಲಿನ ಫೋಟೋ. ಬಿಳಿಯ ಮೇಜಿನ ಮೇಲೆ ಮಲಗಿಸಿ ತೆಗೆದದ್ದು. ತಾಮ್ರದ ಹಲ್ಲುಗಳ ಸುತ್ತ ಒಂದು ಕೆಂಪು ವೃತ್ತ, ಮೂರು ಗೆರೆಗಳ ಸುತ್ತ ಇನ್ನೊಂದು. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ನನ್ನ ಇಂಗ್ಲಿಷು ಹೆಚ್ಚೇನೂ ಇಲ್ಲ, ಆದರೆ ಅಷ್ಟು ತಿಳಿಯಿತು. ಗ್ರಾಹಕರ ನಿರ್ಲಕ್ಷ್ಯದಿಂದ ಹೊರಗಿನ ವಸ್ತು ಒಳಗೆ ಸೇರಿದೆ, ವಾರಂಟಿ ಅನ್ವಯಿಸುವುದಿಲ್ಲ.

ನಿರ್ಲಕ್ಷ್ಯ. ಆ ಶಬ್ದಕ್ಕೆ ನನ್ನ ಪಿತ್ತ ನೆತ್ತಿಗೇರಿತು. ಒದ್ದೆ ಉಳಿಯನ್ನು ಒಂದು ದಿನವೂ ಕೆಳಗಿಡದ ಮನುಷ್ಯ. ಹತ್ಯಾರನ್ನು ದಾಟಿದೆನೆಂದು ಚಿಕ್ಕಂದಿನಲ್ಲಿ ನನ್ನ ಕಿವಿ ಹಿಂಡಿದ ಮನುಷ್ಯ. ಅವರ ಬೆರಳಿನ ಗುರುತಿಗೆ ಕೆಂಪು ಗೆರೆ ಸುತ್ತಿ ನಿರ್ಲಕ್ಷ್ಯ ಎಂದು ಬರೆಯುತ್ತಾರೆ. ಮೆಷೀನು ಹಾಳಾಗಿ ಹೋಗಲಿ, ಆ ಶಬ್ದವನ್ನು ತೆಗೆಸದೆ ಬಿಡುವುದಿಲ್ಲ ಎಂದು ನಿರ್ಧಾರ ಮಾಡಿದೆ. ನಾನು ದಾರಿ ತಪ್ಪಿದ್ದು ಅಲ್ಲಿ ಎಂದು ಈಗ ಅನ್ನಿಸುತ್ತದೆ.

ಬೆಳ್ಮಣ್ಣಿನಿಂದ ಸಂತೆಕಟ್ಟೆಗೆ ಆಮೇಲೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಕೌಂಟರಿನ ಹೆಂಗಸಿಗೆ ನನ್ನನ್ನು ಕಂಡರೆ ಅಯ್ಯೋ ಪಾಪ ಅನ್ನಿಸುತ್ತಿತ್ತು, ಆದರೆ ಅವರ ಕೈಯಲ್ಲಿ ಏನೂ ಇರಲಿಲ್ಲ. ಮೇಲಿನವರು, ಅವರ ಮೇಲಿನವರು, ಆ ಮೇಲಿನವರೆಲ್ಲ ಯಾವ ಊರಿನಲ್ಲಿದ್ದಾರೆಂದು ಅವರಿಗೂ ಗೊತ್ತಿರಲಿಲ್ಲ.

ಆ ದಿನಗಳಲ್ಲಿ ಮಣಿಪಾಲದಲ್ಲಿ ಒಬ್ಬರು ನಿವೃತ್ತ ಟೀಚರ ಮನೆಗೆ ಪುಸ್ತಕದ ಕಪಾಟು ಮಾಡುತ್ತಿದ್ದೆ. ಮತ್ತೆ ಹೊರತೆಗೆದ ಹಳೆಯ ವೈರಿನ ಡ್ರಿಲ್ಲು, ಮನೆಯಿಡೀ ಎಳೆದ ವೈರು. ಎರಡು ಸಲ ಅವರೇ ಎಡವಿದರು. ಕ್ಷಮಿಸಿ ಟೀಚರೇ ಎಂದು ನನ್ನ ಕತೆ ಹೇಳಿದೆ. ಅವರು ಕನ್ನಡಕ ಹಾಕಿ ನನ್ನ ಮೊಬೈಲಿನಲ್ಲಿ ಪತ್ರವನ್ನು ಓದಿ, ಇಂಗ್ಲಿಷಿನಲ್ಲಿ ನಾನು ಬರೆದುಕೊಡ್ತೇನೆ ಎಂದು ಮೇಜಿನ ಮುಂದೆ ಕುಳಿತರು.

"ನಿಮಗೆ ಬೇಕಾದ್ದು ಎಂತ? ಅದನ್ನು ಸರಿಯಾಗಿ ಹೇಳಿ" ಎಂದರು.

ನಾನು ಒಂದೇ ಉಸಿರಿಗೆ ಹೇಳಿದೆ. ಇದು ನಿರ್ಲಕ್ಷ್ಯವಲ್ಲ, ಪೂಜೆ. ಈ ದೇಶದಲ್ಲಿ ಹತ್ಯಾರು ಮಾರುವವರಿಗೆ ಆಯುಧ ಪೂಜೆ ಗೊತ್ತಿರಬೇಕು. ಅವರ ಪುಸ್ತಕದಲ್ಲಿ ಗಂಧ ಹಚ್ಚಬಾರದೆಂದು ಎಲ್ಲಿಯೂ ಬರೆದಿಲ್ಲ. ಮತ್ತೆ ಅದೇನು ನೀರಿನ ಹಾಗೆ ಒಳಗೆಲ್ಲ ಇಳಿದದ್ದಲ್ಲ, ಬರೀ ಗಂಧ, ಒರೆಸಿದರೆ ಹೋಗುತ್ತದೆ. ಟೀಚರು ತಲೆಯಾಡಿಸಿ, ಕೊನೆಯ ಮಾತು ಬಹಳ ಒಳ್ಳೆಯ ಪಾಯಿಂಟು ಎಂದು ಅದನ್ನೇ ಮೊದಲ ಸಾಲಾಗಿ ಬರೆದರು. ನನಗೆ ಓದಿ ಹೇಳಿದರು. ನಾನು ಸಹಿ ಹಾಕಿದೆ. ಅಲೆವೂರಿನ ಒಳದಾರಿಯಲ್ಲಿ ಬೈಕಿನಲ್ಲಿ ಮನೆಗೆ ಬರುವಾಗ ಯುದ್ಧಕ್ಕೆ ಹೊರಟವನ ಹುರುಪು ನನಗೆ.

ಗೆದ್ದೆ ಎಂದೇ ಹೇಳಬೇಕು. ಹನ್ನೆರಡನೆಯ ದಿನ ಸಂತೆಕಟ್ಟೆಯಿಂದ ಫೋನು ಬಂತು. ಕಂಪೆನಿಯವರು ಒಪ್ಪಿದ್ದಾರೆ, ಈ ಒಂದು ಸಲಕ್ಕೆ ಮಾತ್ರ, ಆ ಶಬ್ದವನ್ನೂ ತೆಗೆದಿದ್ದಾರೆ, ಡ್ರಿಲ್ಲು ರಿಪೇರಿಯಾಗಿ ಬಂದಿದೆ. ಹೋಗುವಾಗ ಕೌಂಟರಿನ ಹೆಂಗಸಿಗೆಂದು ಉಡುಪಿಯಲ್ಲಿ ಬೈಕು ನಿಲ್ಲಿಸಿ ಬಿಸಿ ಗೋಳಿಬಜೆ ಕಟ್ಟಿಸಿಕೊಂಡೆ. ಅವರು ನಗುತ್ತ ಪೆಟ್ಟಿಗೆಯನ್ನು ತೆರೆದು ಡ್ರಿಲ್ಲನ್ನು ನನ್ನ ಮುಂದೆ ಇಟ್ಟರು.

ಅಂಗಡಿಯಿಂದ ತಂದ ದಿನಕ್ಕಿಂತ ಚೊಕ್ಕವಾಗಿತ್ತು ಅದು. ಹೊಳೆಯುತ್ತಿತ್ತು. ಹಿಡಿಯ ಸಂದಿನಲ್ಲಿ ಹತ್ತು ತಿಂಗಳ ಧೂಳೂ ಇರಲಿಲ್ಲ. ಎತ್ತಿ ಮೂಗಿಗೆ ಹಿಡಿದೆ. ಸ್ಪಿರಿಟ್ಟಿನ ವಾಸನೆ. ಟ್ರಿಗರ್ ಒತ್ತಿದೆ, ಗಾಳಿಯಲ್ಲೇ ತಿರುಗಿಸಿದೆ, ಮೆಷೀನು ಬಿಸಿಯಾಗುವ ತನಕ ಬಿಡಲಿಲ್ಲ. ಗ್ರೀಸಿನ ವಾಸನೆ ಬಂತು. ಅಷ್ಟೇ.

ಇದನ್ನು ಒರೆಸಿದ್ದು ಯಾರು ಎಂದು ಕೇಳುವಾಗ ನನ್ನ ದನಿ ಏರಿತ್ತು. ಚೀಟಿ ಅಂಟಿಸಿದ್ದೆವಲ್ಲ ಎಂದೆ. ಅವರ ಮುಖ ಸಣ್ಣದಾಯಿತು. ಫೈಲು ತೆಗೆದು ಟೀಚರು ಬರೆದ ಪತ್ರದ ಮೊದಲ ಸಾಲಿನ ಮೇಲೆ ಬೆರಳಿಟ್ಟರು.

"ಒರೆಸಿದರೆ ಹೋಗುತ್ತದೆ ಅಂತ ನೀವೇ ಬರೆದದ್ದಲ್ವಾ ಅಣ್ಣ? ಅದನ್ನು ನೋಡಿಯೇ ಅವರು ಒಪ್ಪಿದ್ದು."

ನಾನು ಅಲ್ಲೇ ಇದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೆ. ಬೈಯಲು ಯಾರೂ ಉಳಿದಿರಲಿಲ್ಲ. ಗಂಧ ಎಲ್ಲಿ ಹಚ್ಚಬೇಕೆಂದು ತೋರಿಸಿದ್ದು ನಾನು, ಅದನ್ನು ಒರೆಸಬಹುದೆಂದು ಸಹಿ ಹಾಕಿದ್ದೂ ನಾನು. ಒಂದು ಶಬ್ದದ ಹಿಂದೆ ಓಡಿ ಮಾವನ ಬೆರಳಿನ ಗುರುತನ್ನು ಬಿಟ್ಟುಕೊಟ್ಟಿದ್ದೆ. ಕೌಂಟರಿನ ಹೆಂಗಸು ನೀರು ತಂದುಕೊಟ್ಟರು, ಯಾರ ಗಂಧ ಅದು ಎಂದು ಮೊದಲ ಸಲ ಕೇಳಿದರು. ಹೇಳಿದೆ. ತಮ್ಮ ಮನೆಯಲ್ಲಿ ತಂದೆಯವರ ಜಪಮಾಲೆ ಹೀಗೆಯೇ ಎಲ್ಲೋ ಹೋಯಿತು ಎಂದು ಅವರು ತಲೆ ತಗ್ಗಿಸಿದರು.

ಹೊರಡಲು ಎದ್ದವನಿಗೆ ಆಗ ನೆನಪಾಯಿತು. ವಾರಂಟಿ ಇಲ್ಲ ಎಂದು ಮೊದಲು ಕಳಿಸಿದ ಪತ್ರವನ್ನು ಪ್ರಿಂಟು ತೆಗೆದುಕೊಡಲು ಕೇಳಿದೆ, ಬಣ್ಣದ ಪ್ರಿಂಟು.

"ಅದು ರಿಜೆಕ್ಟ್ ಆದದ್ದು. ಈಗ ಅದರ ಅಗತ್ಯ ಇಲ್ಲ ಅಲ್ವಾ?"

"ನನಗೆ ಅದೇ ಬೇಕು" ಎಂದೆ.

ಅವರು ಒಂದಲ್ಲ, ಎರಡು ಪ್ರತಿ ತೆಗೆದುಕೊಟ್ಟರು. ಎರಡು ಗೆರೆ ಉದ್ದ, ಒಂದು ಗಿಡ್ಡ, ಸುತ್ತ ಕೆಂಪು ವೃತ್ತ. ಮಾವನ ಬೆರಳಿನ ಗುರುತು ಎಂದು ನನ್ನಲ್ಲಿ ಈಗ ಇರುವುದು ಅದೊಂದೇ, ನಮ್ಮ ತಪ್ಪಿಗೆ ಸಾಕ್ಷಿಯಾಗಿ ಕಂಪೆನಿಯವರು ತೆಗೆದ ಫೋಟೋ. ಅದನ್ನು ಶೆಡ್ಡಿನ ಗೋಡೆಗೆ, ಅವರು ತೂತು ಕೊರೆದ ಹಲಗೆಯ ಮೇಲೆ ಅಂಟಿಸಿದ್ದೇನೆ.

ಈ ಸಲದ ಆಯುಧ ಪೂಜೆಗೆ ಎಲೆ ಹಾಸಿದ್ದು ನಾನೇ. ಗಂಧ ತೇದೆ, ಸ್ವಲ್ಪ ನೀರಾಯಿತು. ಉಳಿಯ ಬಾಯಿಗೆ, ಗರಗಸದ ಹಲ್ಲಿಗೆ ಒಂದೊಂದೇ ಬೊಟ್ಟು ಇಡುತ್ತ ಬೈರಿಗೆಯನ್ನು ದಾಟಿ ಡ್ರಿಲ್ಲಿನ ತನಕ ಬಂದೆ. ಬ್ಯಾಟರಿ ತೆಗೆಯಲಿಲ್ಲ. ಅಷ್ಟು ಬುದ್ಧಿ ಬಂದಿದೆ. ಅದರ ಜೀವ ಎಲ್ಲಿ ಉಂಟು ಎಂದು ಕೇಳುವವರು ಇರಲಿಲ್ಲ, ಕೇಳಿದ್ದರೆ ಈ ಸಲ ಬೇರೆ ಏನಾದರೂ ಹೇಳುತ್ತಿದ್ದೆ. ಮೋಟಾರಿನ ಮೈಮೇಲೆ ಮೂರು ಬೆರಳಿನಿಂದ ಮೂರು ಗೆರೆ ಎಳೆದೆ. ಹಿಂದೆ ಸರಿದು ನೋಡಿದರೆ ಏನೋ ಸರಿಯಿಲ್ಲ. ಗೋಡೆಯ ಫೋಟೋ ನೋಡಿದೆ, ಡ್ರಿಲ್ಲು ನೋಡಿದೆ. ನನ್ನ ಬೆರಳುಗಳೆಲ್ಲ ಪೂರ್ತಿ ಇವೆ, ಮೂರೂ ಗೆರೆ ಒಂದೇ ಉದ್ದ ಬಂದಿದ್ದವು. ಹೆಗಲ ಮೇಲಿನ ಬೈರಾಸು ಬಟ್ಟೆಯ ತುದಿಯನ್ನು ಒದ್ದೆ ಮಾಡಿ, ಮೂರನೆಯ ಗೆರೆಯನ್ನು ಅರ್ಧ ಒರೆಸಿದೆ.